ಎಡಿಎಚ್‌ಡಿ ಇರುವ 8 ವರ್ಷದ ಮಗನನ್ನು ಬೆಳಗ್ಗೆ ಶಾಲೆಗೆ ಹೊರಡಿಸುವುದು ಹೇಗೆ?

ಹತ್ತು ಸಲ ಹೇಳಿದರೂ ಮಗ ಒಂದು ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲೇ ಹಿಡಿದು ಕೂತಿರುತ್ತಾನೆ, ಅಷ್ಟರಲ್ಲಿ ವ್ಯಾನ್ ಬಂದಿರುತ್ತದೆ ಅಂತ ಬರೆದಿದ್ದೀರಿ. ಇದು ಹಟವಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಎಡಿಎಚ್‌ಡಿ ಅಂದರೆ ಗಮನ ಹಿಡಿದಿಡಲು, ತನ್ನನ್ನು ತಡೆದುಕೊಳ್ಳಲು ಕಷ್ಟವಾಗುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ಏನು ಮಾಡಬೇಕೆಂದು ಅವನಿಗೆ ಗೊತ್ತಿದೆ. ಗೊತ್ತಿರುವುದು ಬೇಕಾದ ಹೊತ್ತಿಗೆ ತಲೆಯಲ್ಲಿ ನಿಲ್ಲುವುದಿಲ್ಲ. 2007ರಲ್ಲಿ ಅಮೆರಿಕದ ಸಂಶೋಧಕರು ನೋಡಿದಾಗ, ಮಿದುಳಿನ ಹೊರಪದರ ಬಲಿಯುವುದು ಈ ಮಕ್ಕಳಲ್ಲಿ ಸುಮಾರು 3 ವರ್ಷ ತಡವಾಗಿತ್ತು. ಅದಕ್ಕೇ ನಾನು ಹೇಳುವುದು: ಐದಾರು ವರ್ಷದ ಮಗುವಿಗೆ ಎಷ್ಟು ಒತ್ತಾಸೆ ಕೊಡುತ್ತೀರೋ ಅಷ್ಟನ್ನೇ ಇವನಿಗೂ ಕೊಡಿ, ನಾಚಿಕೆಪಡಬೇಡಿ.

ನೆನಪು ಮಾಡುವ ಕೆಲಸವನ್ನು ನಿಮ್ಮ ಬಾಯಿಂದ ತೆಗೆದು, ಕೆಲಸ ನಡೆಯುವ ಜಾಗಕ್ಕೆ ಹಾಕಿ. ಬಚ್ಚಲುಮನೆ ಬಾಗಿಲಿಗೆ ಅವನ ಕಣ್ಣಿನ ಎತ್ತರದಲ್ಲಿ ಮೂರೇ ಫೋಟೋ: ಹಲ್ಲುಜ್ಜುವುದು, ಸ್ನಾನ, ಬಟ್ಟೆ. ಫೋಟೋದಲ್ಲಿ ಅವನೇ ಇರಲಿ. ಹನ್ನೆರಡು ಸಾಲಿನ ಪಟ್ಟಿ ಅಂಟಿಸಿದರೆ ಮೂರನೇ ದಿನಕ್ಕೆ ಅದು ಗೋಡೆಯ ಬಣ್ಣದ ಹಾಗೇ ಆಗಿಬಿಡುತ್ತದೆ. ಬ್ಯಾಗು, ನೀರಿನ ಬಾಟಲಿ ರಾತ್ರಿಯೇ ಬಾಗಿಲ ಹತ್ತಿರ ಇರಲಿ. ಯೂನಿಫಾರ್ಮ್ ತೊಡುವ ಕ್ರಮದಲ್ಲಿ ಜೋಡಿಸಿಡಿ, ಚಡ್ಡಿ ಎಲ್ಲಕ್ಕಿಂತ ಮೇಲೆ. ಬಟ್ಟೆ ತೊಡಲು ಟಿವಿ ಇರುವ ಕೋಣೆ ಬೇಡ.

ಅಡುಗೆಮನೆಯಿಂದ ಕೂಗಿದ್ದು ಅವನಿಗೆ ಬರೀ ಸದ್ದು. ಹತ್ತಿರ ಹೋಗಿ, ಭುಜ ಮುಟ್ಟಿ, ಅವನು ನೋಡಿದ ಮೇಲೆ ಒಂದೇ ಮಾತು: ‘ಈಗ ಅಂಗಿ.’ ‘ಹಾಕ್ಕೊಳ್ತೀಯಾ?’ ಅಂತ ಕೇಳಬೇಡಿ, ‘ಇಲ್ಲ’ ಅನ್ನಲು ಅಲ್ಲಿ ದಾರಿಯಿದೆ. ಮತ್ತೆ ಹೇಳುವ ಮುಂಚೆ ಮನಸ್ಸಿನಲ್ಲೇ ಐದು ಎಣಿಸಿ. ಒಂದು ತೋಳು ತೂರಿಸುವವರೆಗೆ ಅಲ್ಲೇ ನಿಲ್ಲಿ. ಈ ಮಕ್ಕಳಿಗೆ ಶುರು ಮಾಡುವುದೇ ಕಷ್ಟ.

‘ಭಾನುವಾರ ಐಸ್‌ಕ್ರೀಮ್’ ನಡೆಯುವುದಿಲ್ಲ, ಭಾನುವಾರ ಅವನಿಗೆ ತೀರಾ ದೂರ. ಒಂದು ಕೆಲಸ ಮುಗಿದ ತಕ್ಷಣ ಡಬ್ಬಿಗೆ ಒಂದು ಹುಣಸೆಬೀಜ, ಜೊತೆಗೆ ‘ನೀನೇ ಗುಂಡಿ ಹಾಕ್ಕೊಂಡೆ’ ಅನ್ನುವಂಥ ಮಾತು. ಮೂರು ಬೀಜಕ್ಕೆ ಅದೇ ಸಂಜೆ ನಿಮ್ಮ ಜೊತೆ ಹದಿನೈದು ನಿಮಿಷ ಆಟ. ಮೊದಲ ವಾರ ಅವನು ಗೆಲ್ಲುವಷ್ಟು ಸುಲಭವಾಗಿರಲಿ. ಗಳಿಸಿದ ಬೀಜವನ್ನು ಸಿಟ್ಟಿಗೆ ಕಿತ್ತುಕೊಂಡರೆ ಇಡೀ ಏರ್ಪಾಟೇ ಮುರಿದುಬೀಳುತ್ತದೆ. ಕೆಲವು ವಾರಕ್ಕೆ ಅವನಿಗೆ ಬೇಜಾರು ಬಂದರೆ ಬಹುಮಾನ ಬದಲಿಸಿ, ಕ್ರಮ ಬದಲಿಸಬೇಡಿ.

ವೈದ್ಯರು ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್ ಅನ್ನುವ ಮಾತ್ರೆ ಕೊಟ್ಟಿದ್ದರೆ ಹಸಿವು ಕಡಿಮೆಯಾಗಬಹುದು. ತಿಂಡಿ ಮೊದಲೋ ಮಾತ್ರೆ ಮೊದಲೋ ಅನ್ನುವುದನ್ನು ಅವರನ್ನೇ ಕೇಳಿ.

ಇನ್ನು ಆ ಕಾಲುಚೀಲ. ದಿನಾ ಅಲ್ಲೇ ನಿಲ್ಲುತ್ತಿದ್ದರೆ, ಬೆರಳ ಮೇಲಿನ ಹೊಲಿಗೆ ಚುಚ್ಚುತ್ತಿರಬಹುದು. ಒಳಮೈ ಹೊರಗೆ ಮಾಡಿ ಹಾಕಿ ನೋಡಿ.