ಗಾಳಿ ಯಾವ ಕಡೆಗಿತ್ತು?

ಪ್ರಶ್ನೆ: ಅಕ್ಕಾ, ನಾನು ಹೊಸನಗರ ತಾಲೂಕಿನವನು, ಕೆಲಸ ಬೆಂಗಳೂರಿನಲ್ಲಿ. ಒಂದು ವರ್ಷದಿಂದ ರಾತ್ರಿ ಊಟ ಆದಮೇಲೆ ಯೂಟ್ಯೂಬಿನಲ್ಲಿ ಶಿಕಾರಿ ವಿಡಿಯೋ ನೋಡುವ ಅಭ್ಯಾಸವಾಗಿದೆ. ಟಿವಿಯವರು ಮಾಡಿದ್ದಲ್ಲ. ಅಮೆರಿಕದ ಬೆಟ್ಟಗಳಲ್ಲಿ ಯಾರೋ ಒಬ್ಬ ಬಿಲ್ಲು ಬಾಣ ಹಿಡಿದು, ತಾನೇ ಕ್ಯಾಮೆರಾ ಇಟ್ಟುಕೊಂಡು ದಿನಗಟ್ಟಲೆ ಅಲೆಯುತ್ತಾನೆ. ಸಂಗೀತ ಇಲ್ಲ, ಮಾತೂ ಕಡಿಮೆ. ನಲವತ್ತು ನಿಮಿಷದಲ್ಲಿ ಮೂವತ್ತೈದು ನಿಮಿಷ ಏನೂ ನಡೆಯುವುದಿಲ್ಲ, ಆದರೂ ಕಣ್ಣು ಕೀಳಲಾಗುವುದಿಲ್ಲ. ಹೆಂಡತಿಗೆ ಹಿಡಿಸುವುದಿಲ್ಲ. ‘ಮನೇಲಿ ಕೋಳಿ ಕೊಯ್ಯುವಾಗ ಹೊರಗೆ ಹೋಗಿ ನಿಲ್ಲುವವರು ಇದನ್ನು ಹೇಗೆ ನೋಡ್ತೀರಿ?’ ಅಂತಾಳೆ. ನನ್ನ ಅಜ್ಜ ಹೆಸರಾದ ಈಡುಗಾರ, ಈಗ ತೊಂಬತ್ತರ ಹತ್ತಿರ. ನನ್ನೊಳಗೆ ಏನಾದರೂ ಕ್ರೌರ್ಯ ಇದೆಯಾ?
— ಹೆಸರು ಬೇಡ, ಬೆಂಗಳೂರು

ಉತ್ತರ: ತಮ್ಮಾ, ನಿಮ್ಮ ಕಾಗದ ಬಂದ ದಿನವೇ ಉತ್ತರ ಬರೆಯಲು ಕೂತು, ಮತ್ತೆ ಹಾಳೆ ಮಡಚಿಟ್ಟೆ. ನೋಡದೆ ಹೇಳಬಾರದು ಅನ್ನಿಸಿತು. ಮಗಳಿಗೆ ಹೇಳಿ ಅಂಥವನ್ನೇ ಹುಡುಕಿಸಿ ಮೂರು ಸಂಜೆ ನೋಡಿದೆ. ತೀರ್ಥಹಳ್ಳಿ ಪಕ್ಕದ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಮೂಲೆಯ ಹಲಸಿನ ಮರದ ಬುಡದಲ್ಲಿ ಮಾತ್ರ. ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ.

ನಾನು ಶಿಕಾರಿ ಕಂಡಿದ್ದು ಅಡುಗೆಮನೆಯ ಕಡೆಯಿಂದ. ಹುಟ್ಟಿದ್ದು 1956ರಲ್ಲಿ. ನನಗೆ ಹತ್ತು ಹನ್ನೆರಡು ವರ್ಷವಾಗಿದ್ದಾಗ ಗದ್ದೆ ಕೊಯ್ಲು ಮುಗಿದ ಮೇಲೆ ಊರವರೆಲ್ಲ ಸೇರಿ ಹಂದಿ ಶಿಕಾರಿಗೆ ಹೋಗುತ್ತಿದ್ದರು. ಕೋವಿ ಇದ್ದವರು ಬಿಲ್ಲಿಗೆ ಕೂರುವುದು, ಉಳಿದವರು ನಾಯಿ ಬಿಟ್ಟುಕೊಂಡು ಹಳು ನುಗ್ಗುವುದು, ಅಂದರೆ ಪೊದೆ ನುಗ್ಗಿ ಹಂದಿ ಎಬ್ಬಿಸುವುದು. (ಬಿಲ್ಲು ಅಂದರೆ ನಮ್ಮಲ್ಲಿ ಬಾಣ ಬಿಡುವ ಬಿಲ್ಲಲ್ಲ, ಈಡುಗಾರ ಕಾದು ಕೂರುವ ಜಾಗ. ನಿಮ್ಮ ಅಜ್ಜನನ್ನು ಕೇಳಿ, ಊರಿನ ಒಂದೊಂದು ಬಿಲ್ಲಿಗೂ ಹೆಸರು ಹೇಳಿಯಾರು.) ಹೆಂಗಸರಾದ ನಮ್ಮ ಪಾಲಿಗೆ ಶಿಕಾರಿ ಅಂದರೆ ದೂರದ ನಾಯಿ ಕೂಗು, ಆಮೇಲೆ ಕೋವಿಯ ಈಡಿನ ಸದ್ದು. ಅಮ್ಮ ಅದನ್ನು ಎಣಿಸುತ್ತಿದ್ದಳು. ಒಂದೇ ಈಡು ಕೇಳಿ ಕಾಡು ಸುಮ್ಮನಾದರೆ ಕೊತ್ತಂಬರಿ ಹುರಿಯಲು ಬಾಣಲೆ ಇಡುವಳು. ಎರಡು ಮೂರು ಒಟ್ಟೊಟ್ಟಿಗೆ ಕೇಳಿದರೆ ಒಲೆ ಮುಟ್ಟುತ್ತಿರಲಿಲ್ಲ, ತಪ್ಪಿಹೋಗಿದೆ ಅಂತ ಲೆಕ್ಕ.

ಒಳಗಿನ ಕತೆ ತಿಳಿಯುತ್ತಿದ್ದುದು ಮಳೆಗಾಲದಲ್ಲಿ, ಜಗಲಿಯಲ್ಲಿ. ಹೊರಗೆ ಜಡಿಮಳೆ, ಕಂಬಳಿ ಹೊದ್ದ ಗಂಡಸರು, ಬಾಯಲ್ಲಿ ಎಲೆಅಡಿಕೆ. ಒಬ್ಬೊಬ್ಬರೂ ಒಂದೊಂದು ಶಿಕಾರಿ ಹೇಳುವರು. ಅಪ್ಪಯ್ಯ ಎಲ್ಲರದೂ ಕೇಳಿ, ನಡುವೆ ಒಂದೇ ಒಂದು ಪ್ರಶ್ನೆ ಹಾಕುವರು: ‘ಗಾಳಿ ಯಾವ ಕಡೆಗಿತ್ತು ಮಾರಾಯ?’ ನಿಜಕ್ಕೂ ಅಲ್ಲಿ ಕೂತಿದ್ದವನು ಯೋಚಿಸದೆ ಹೇಳುತ್ತಿದ್ದ, ‘ಗುಡ್ಡದಿಂದ ಹೊಳೆ ಕಡೆಗೆ, ಬಿಸಿಲೇರಿದ ಮೇಲೆ ತಿರುಗಿತು’ ಅಂತ. ಕತೆ ಕಟ್ಟಿದವನು ಮಾಡಿನ ಹಂಚು ನೋಡುತ್ತಿದ್ದ. ಕಾಡುಪ್ರಾಣಿಗೆ ಕಣ್ಣಿಗಿಂತ ಮೂಗು ದೊಡ್ಡದು. ಗಾಳಿ ಗೊತ್ತಿಲ್ಲದವನಿಗೆ ಏನೂ ಗೊತ್ತಿಲ್ಲ.

ಈಗ ನಿಮ್ಮ ವಿಡಿಯೋಕ್ಕೆ ಬರುತ್ತೇನೆ. ನಾನು ನೋಡಿದವನು ಬೆಟ್ಟದ ನೆತ್ತಿಯಲ್ಲಿ ನಡೆಯುತ್ತ, ಹೆಜ್ಜೆ ಹೆಜ್ಜೆಗೂ ಒಂದು ಪುಟ್ಟ ಬಾಟಲಿ ಹಿಂಡಿ ಬಿಳಿ ಪುಡಿ ಹಾರಿಸಿ, ಅದು ತೇಲಿಹೋಗುವ ದಿಕ್ಕು ನೋಡುತ್ತಿದ್ದ. ನನಗೆ ಮೈ ಜುಮ್ಮೆಂದಿತು. ಅಪ್ಪಯ್ಯ ಸೊಂಟದ ಬಟ್ಟೆಗಂಟಿನಲ್ಲಿ ಒಲೆಬೂದಿ ಕಟ್ಟಿಕೊಂಡು ಹೋಗುತ್ತಿದ್ದರು, ಇದೇ ಕೆಲಸಕ್ಕೆ. ಅವನು ಬೆನ್ನು ಹತ್ತಿದ್ದು ಎಲ್ಕ್ ಎಂಬ ಪ್ರಾಣಿ, ನಮ್ಮ ಕಡವೆಯ ದೂರದ ನೆಂಟ. ಒಳ್ಳೆಯ ಗಂಡು 300 ಕೆಜಿ ತೂಗುತ್ತದೆ. ಸೆಪ್ಟೆಂಬರಿನ ಬೆದೆಗಾಲದಲ್ಲಿ ಅದರ ಕೂಗು ದಪ್ಪಗೆ ಶುರುವಾಗಿ, ಏರಿ ಏರಿ ಸಿಳ್ಳೆಯಷ್ಟು ತೆಳ್ಳಗಾಗಿ, ಗುಟುರಿನಲ್ಲಿ ನಿಲ್ಲುತ್ತದೆ. ಇವನು ಕೊಳವೆ ಊದಿ ಅದೇ ದನಿಯಲ್ಲಿ ಕರೆದ. ಅದು ಬಂತು. ಬಾಣಕ್ಕೆ ಮೂವತ್ತು ನಲವತ್ತು ಗಜದೊಳಗೆ ಬರಬೇಕು. ಅರವತ್ತರಲ್ಲಿ ನಿಂತು ಮೂಗೆತ್ತಿತು. ಇವನ ಕೆನ್ನೆಯ ಕೂದಲು ಮುಂದಕ್ಕೆ ಅಲುಗಿದ್ದು ನನಗೆ ಕಂಡಿತು. ಗಾಳಿ ತಿರುಗಿತ್ತು. ಒಂದೇ ನೆಗೆತ, ಆಮೇಲೆ ಬರೀ ಮರ. ಆರು ದಿನ ಹೀಗೇ. ವಿಡಿಯೋದಲ್ಲಿ ಆರು ದಿನವನ್ನೂ ಇಟ್ಟಿದ್ದಾನೆ.

ನೀವು ಕಣ್ಣು ಕೀಳದೆ ನೋಡುವುದು ಆ ಮೂವತ್ತೈದು ನಿಮಿಷವನ್ನು, ಕೊಲ್ಲುವುದನ್ನಲ್ಲ. ನಿಮ್ಮ ಕಾಗದದಲ್ಲೇ ಅದಿದೆ, ನೀವು ಗಮನಿಸಿಲ್ಲ ಅಷ್ಟೇ. ಕೊಲ್ಲುವುದನ್ನೇ ನೋಡುವ ಆಸೆಯಿದ್ದರೆ ಅಂಥದ್ದು ಬೇಕಾದಷ್ಟು ಸಿಗುತ್ತದೆ, ಹತ್ತು ನಿಮಿಷಕ್ಕೆ ಐದು ಪ್ರಾಣಿ ಬೀಳುವಂಥವು. ಮೊದಲ ಸಂಜೆ ನಾನೂ ತಪ್ಪಿ ಒಂದು ನೋಡಿದೆ. ಒಂದೇ ಜಿಂಕೆ ಬೀಳುವುದನ್ನು ನಾಲ್ಕು ದಿಕ್ಕಿನಿಂದ ತೋರಿಸಿದರು. ನಾಲ್ಕು ದಿಕ್ಕಿನಲ್ಲೂ ಮನುಷ್ಯರು ನಿಂತಿದ್ದರೆ ಗಾಳಿ ಎಲ್ಲಿಂದ ಬೀಸಿದರೂ ಒಬ್ಬನ ವಾಸನೆ ಜಿಂಕೆಗೆ ಹೊಡೆಯಲೇಬೇಕು! ಬೇಲಿ ಹಾಕಿದ ಜಾಗದಲ್ಲಿ ಸಾಕಿ ಬಿಟ್ಟ ಪ್ರಾಣಿಯನ್ನು ದುಡ್ಡು ಕೊಟ್ಟು ಹೊಡೆಯುವ ವ್ಯಾಪಾರವೂ ಅಲ್ಲಿದೆ. ಅದಕ್ಕೂ ಶಿಕಾರಿಗೂ ಸಂಬಂಧವಿಲ್ಲ. ಓಡಿಹೋಗಲು ಪ್ರಾಣಿಗೆ ದಾರಿ ಇರಬೇಕು ಎನ್ನುವ ನಿಯಮವನ್ನು ಅಲ್ಲಿನ ಶಿಕಾರಿಯವರೇ ಹಾಕಿಕೊಂಡದ್ದು. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಇವತ್ತಿಗೂ ಅದನ್ನೇ ಹಿಡಿದುಕೊಂಡಿದೆ.

ಒಂಟಿಯಾಗಿ ಚಿತ್ರ ತೆಗೆಯುವವನ ಕಷ್ಟ ನೋಡಿದಿರಾ? ಅವನು ಕ್ಯಾಮೆರಾದ ಮುಂದೆ ನಡೆದು ದಿಬ್ಬ ದಾಟಿ ಮರೆಯಾಗುತ್ತಾನೆ. ನಮಗೆ ಹತ್ತು ಸೆಕೆಂಡಿನ ಚಿತ್ರ. ಅವನು ಕ್ಯಾಮೆರಾ ಇಟ್ಟು, ದಿಬ್ಬ ಹತ್ತಿ, ಅದನ್ನು ತರಲು ವಾಪಸು ಇಳಿದು, ಮತ್ತೆ ಹತ್ತಬೇಕು. ಒಂದು ದಿಬ್ಬಕ್ಕೆ ಮೂರು ನಡಿಗೆ, ಬೆನ್ನಿಗೆ ಹೊರೆ. ಮುಖ್ಯವಾದ ಗಳಿಗೆಯಲ್ಲಿ ಚಿತ್ರ ಮಸುಕಾಗುತ್ತದೆ, ಪ್ರಾಣಿ ಅಂಚಿಗೆ ಸರಿದುಹೋಗುತ್ತದೆ, ಯಾಕೆಂದರೆ ಕೈ ಎರಡೂ ಬಿಲ್ಲಿನ ಮೇಲಿವೆ. ಆ ಮಸುಕು ನನಗೆ ಜಗಲಿಯ ಮಾತಿನಂತೆ ಕಂಡಿತು. ಅಲ್ಲಿದ್ದವನು ಎಲ್ಲವನ್ನೂ ನೋಡಿರುವುದಿಲ್ಲ; ಎಲ್ಲ ನೋಡಿದೆ ಅನ್ನುವವನ ಮಾತು ನಂಬಬಾರದು.

ಮೂರನೆಯ ಸಂಜೆ ನೋಡಿದ್ದು ನನ್ನನ್ನು ಬಿಟ್ಟಿಲ್ಲ. ಬೇರೊಬ್ಬ, ವಯಸ್ಸಾದವನು. ಬಾಣ ಬಿಟ್ಟ. ಅರ್ಧ ಗಂಟೆ ಕೂತಲ್ಲೇ ಕೂತ, ಕೂಡಲೇ ಬೆನ್ನಟ್ಟಿದರೆ ಗಾಯಗೊಂಡದ್ದು ದೂರ ಓಡುತ್ತದೆ ಅಂತ. ಆಮೇಲೆ ನೆತ್ತರಿನ ಜಾಡು ಹಿಡಿದ. ಎಲೆಯ ಮೇಲೆ ಒಂದು ಹನಿ, ಹತ್ತು ಹೆಜ್ಜೆಗೆ ಇನ್ನೊಂದು. ಕತ್ತಲಾಯಿತು. ಮಾರನೇ ದಿನವೂ ಹುಡುಕಿದ. ಸಿಗಲಿಲ್ಲ. ಅವನು ಒಂದು ಬಂಡೆಯ ಮೇಲೆ ಕೂತು, ಬಾಣ ತಪ್ಪಾದ ಜಾಗಕ್ಕೆ ಬಿತ್ತು, ತಪ್ಪು ನನ್ನದು ಅಂದ. ಅಷ್ಟೇ. ಅದನ್ನು ಕತ್ತರಿಸಿ ತೆಗೆದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

1968ರ ಚಳಿಗಾಲದಲ್ಲಿ ಅಪ್ಪಯ್ಯ ಹೊಡೆದ ಒಂದು ಹಂದಿ ಗಾಯವಾಗಿ ಕಣಿವೆಗಿಳಿಯಿತು. ಎರಡು ದಿನ ಹುಡುಕಿದರು. ಮನೆಗೆ ಬಂದವರು ಕೈಕಾಲು ತೊಳೆಯದೆ ಬಚ್ಚಲೊಲೆಯ ಮುಂದೆ ಕೂತಿದ್ದು ನೆನಪಿದೆ. ಅಮ್ಮ ಊಟಕ್ಕೆ ಕರೆಯಲಿಲ್ಲ. ಮೂರನೆಯ ದಿನ ಕಾಗೆ ಸೇರಿದ್ದು ನೋಡಿ ಹೋದರೆ ಹಂದಿ ಹಳ್ಳದಲ್ಲಿ ಬಿದ್ದಿತ್ತು, ತಿನ್ನುವಂತಿರಲಿಲ್ಲ. ಮುಂದೆ ಎಷ್ಟೋ ಮಳೆಗಾಲ ಜಗಲಿಯಲ್ಲಿ ಅಪ್ಪಯ್ಯ ಹೇಳಿದ್ದು ಈ ಹಂದಿಯ ಕತೆಯನ್ನೇ. ಬೇರೆಯವರು ಬಿದ್ದದ್ದನ್ನು ಹೇಳುವಾಗ ಇವರು ಇದನ್ನು ಹೇಳುತ್ತಿದ್ದರು, ಪ್ರತಿಸಲವೂ ಗಾಳಿಯ ದಿಕ್ಕಿನ ಸಮೇತ.

ಸೋತದ್ದನ್ನೂ ಇದ್ದಂತೆ ಹೇಳುವುದು ಕನ್ನಡದವರಿಗೆ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ 10ನೇ ಶತಮಾನದ ಕಲ್ಲೊಂದಿದೆ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ಬೇಟೆನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟದ್ದು ಅದರಲ್ಲಿದೆ. ನಾಯಿ ಗೆದ್ದಿತು ಅಂತ ಕೆತ್ತಿಸಬಹುದಿತ್ತು. ಕೆತ್ತಿಸಿದ್ದು, ಹಂದಿಯೂ ನಾಯಿಯೂ ‘ಒಡಸತ್ತುವು’, ಒಟ್ಟಿಗೇ ಸತ್ತವು ಅಂತ. ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಆ ಕಲ್ಲು ನೋಡಿ. ಹಂದಿ ನಾಯಿ ಎರಡೂ ಮೇಲೆ ಕೆತ್ತಿವೆ.

ಕ್ರೌರ್ಯದ ಮಾತಿಗೆ ನೇರ ಉತ್ತರ ಕೊಡುತ್ತೇನೆ: ನಿಮ್ಮಲ್ಲಿ ನನಗೆ ಅದು ಕಾಣಲಿಲ್ಲ. ಆದರೆ ನಿಮ್ಮ ಹೆಂಡತಿ ಕೇಳಿದ ಪ್ರಶ್ನೆ ಸರಿಯಾದದ್ದು, ಅದನ್ನು ತಳ್ಳಿಹಾಕಬೇಡಿ. ಕೊಯ್ಯುವಾಗ ಹೊರಗೆ ನಿಂತು, ಬೆಂದ ಮೇಲೆ ಒಳಗೆ ಬರುವವರು ನೀವು. ವಿಡಿಯೋದಲ್ಲಿ ಆ ಮನುಷ್ಯ ಹೊರಗೆ ನಿಲ್ಲುವುದಿಲ್ಲ. ಹೊಡೆದ ಪ್ರಾಣಿಯನ್ನು ತಾನೇ ಸುಲಿದು, ಮೂಳೆ ಬಿಡಿಸಿ, ನಾಲ್ಕು ಸಲ ಬೆಟ್ಟ ಹತ್ತಿಳಿದು ಮಾಂಸ ಹೊರುತ್ತಾನೆ. ಮಾಂಸ ಕಾಡಿನಲ್ಲೇ ಬಿಟ್ಟುಬರುವುದು ಅಲ್ಲಿನ ಪಶ್ಚಿಮದ ಹಲವು ರಾಜ್ಯಗಳಲ್ಲಿ ಅಪರಾಧ ಕೂಡ. ನನ್ನ ಅಮ್ಮ, ದೊಡ್ಡಮ್ಮಂದಿರು ರಾತ್ರಿ ಹನ್ನೆರಡರವರೆಗೆ ಲಾಟೀನು ಇಟ್ಟುಕೊಂಡು ಮಾಡುತ್ತಿದ್ದುದು ಆ ಕೆಲಸವನ್ನೇ. ಹಳು ನುಗ್ಗಿದವರಿಗೆ, ನಾಯಿ ತಂದವರಿಗೆ, ಊರಿನ ಬಸುರಿ ಹೆಂಗಸರಿಗೆ ಅಂತ ಬಾಳೆಲೆಯ ಮೇಲೆ ಪಾಲು ಹಾಕುವಾಗ ಒಂದು ತುಂಡು ಹೆಚ್ಚುಕಡಿಮೆಯಾದರೂ ಜಗಳ. ಈ ವಿಡಿಯೋದ ಆ ಭಾಗ ಬಂದಾಗ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೇಡ ಅಂದರೆ ಬಲವಂತ ಮಾಡಬೇಡಿ, ಸದ್ದು ಸಣ್ಣದು ಮಾಡಿ. ಮುಂದಿನ ಭಾನುವಾರ ಕೋಳಿ ಕೊಯ್ಯುವಾಗ ಮಾತ್ರ ಒಳಗೇ ಇರಿ.

ಪ್ರಶ್ನೆ: ನಮ್ಮೂರಿನ ಹುಡುಗರೂ ರಾತ್ರಿ ಬ್ಯಾಟರಿ ಹಾಕಿಕೊಂಡು ಹೋಗಿ ಶಿಕಾರಿ ಮಾಡಿ ವಿಡಿಯೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾರೆ. ಕೇಳಿದರೆ ‘ಅಮೆರಿಕದವರು ಮಾಡಿದರೆ ಚೆಂದ, ನಾವು ಮಾಡಿದರೆ ತಪ್ಪಾ?’ ಅನ್ನುತ್ತಾರೆ. ಏನು ಹೇಳಲಿ?
— ಓದುಗರು, ಕೊಪ್ಪ

ಉತ್ತರ: ತಪ್ಪು ಅಂತಲೇ ಹೇಳಿ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ಅಟ್ಟುವುದು, ಅದಕ್ಕೆ ಪ್ರಯತ್ನಿಸುವುದು ಕೂಡ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಅವರು ಸ್ಟೇಟಸ್ಸಿಗೆ ಹಾಕುವುದು ತಮ್ಮ ಮೇಲಿನ ಸಾಕ್ಷಿಯನ್ನು.

ಕಾನೂನು ಬದಿಗಿಟ್ಟು ನೋಡಿದರೂ ಎರಡೂ ಒಂದೇ ಅಲ್ಲ. ಅಲ್ಲಿ ಎಷ್ಟು ಪ್ರಾಣಿ ಹೊಡೆಯಬಹುದು ಅಂತ ರಾಜ್ಯದವರು ನಿಗದಿ ಮಾಡಿ ಚೀಟಿ ಕೊಡುತ್ತಾರೆ. ಕೆಲವು ಕಡೆ ಆ ಚೀಟಿಗೆ ಲಾಟರಿ, ವರ್ಷಗಟ್ಟಲೆ ಕಾಯಬೇಕು. ಬೇಟೆಯ ಬಂದೂಕು, ಮದ್ದುಗುಂಡಿನ ಮೇಲೆ ಅಲ್ಲಿ 11 ಶೇಕಡಾ ತೆರಿಗೆ ಇದೆ, ಆ ಹಣ 1937ರ ಕಾನೂನಿನಂತೆ ಕಾಡುಪ್ರಾಣಿಗಳ ರಕ್ಷಣೆಗೆ ಹೋಗುತ್ತದೆ. 1900ರ ಸುಮಾರಿಗೆ ಒಂದು ಲಕ್ಷಕ್ಕೂ ಕೆಳಗಿಳಿದಿದ್ದ ಎಲ್ಕ್ ಈಗ 10 ಲಕ್ಷದ ಆಸುಪಾಸಿನಲ್ಲಿವೆ. ನಮ್ಮ ಭದ್ರಾ ಅಭಯಾರಣ್ಯ ಇಡೀ ಸೇರಿಸಿದರೂ 500 ಚದರ ಕಿಲೋಮೀಟರಿನ ಆಸುಪಾಸು ಅಷ್ಟೇ. ಅದರ ಸುತ್ತ ತೋಟ, ಗದ್ದೆ, ಊರು.

ಬ್ಯಾಟರಿ ಶಿಕಾರಿಯಲ್ಲಿ ಏನಿದೆ? ಬೆಳಕಿಗೆ ಕಣ್ಣು ಹೊಳೆಯುತ್ತದೆ, ಆ ಹೊಳಪಿಗೆ ಗುರಿ. ಅದು ಕಾಡುಕುರಿಯೋ, ಬಸುರಿ ಕಡವೆಯೋ ಗೊತ್ತಿಲ್ಲ. ಜೊತೆಗಾರನಿಗೇ ಈಡು ಬಿದ್ದು ಸತ್ತ ಸುದ್ದಿಗಳನ್ನು ಮಲೆನಾಡಿನಲ್ಲಿ ಓದದವರಿಲ್ಲ. ಇನ್ನು ಉರುಳಂತೂ ಯಾರನ್ನೂ ಕೇಳುವುದಿಲ್ಲ, ಹಂದಿಗೆ ಅಂತ ಬೇಲಿಯಲ್ಲಿ ಕಟ್ಟಿದ ತಂತಿಗೆ ಚಿರತೆ ಬಿದ್ದು ಸೊಂಟ ಕೊಯ್ದುಕೊಂಡು ಸಾಯುತ್ತದೆ. ಹಂದಿ ಗದ್ದೆ ಉಳುವಂತೆ ಉತ್ತುಹೋಗುತ್ತದೆ, ನಿಜ. ನನ್ನ ಗದ್ದೆಯನ್ನೂ ಬಿಟ್ಟಿಲ್ಲ, ಆ ಹೊಟ್ಟೆಯುರಿ ನನಗೂ ಗೊತ್ತು. ಅದಕ್ಕೆ ಅರ್ಜಿ ಕೊಟ್ಟು ಪರಿಹಾರ ಕೇಳುವ ದಾರಿ ನಿಧಾನದ್ದು, ಆದರೂ ಅದೇ ದಾರಿ. ಆ ಹುಡುಗರ ವಿಡಿಯೋ ಒಂದನ್ನು ನನಗೂ ಯಾರೋ ಕಳಿಸಿದ್ದರು. ಹನ್ನೆರಡು ಸೆಕೆಂಡು. ಹಾಡು, ನಗು, ಸತ್ತ ಕಾಡುಕುರಿಯ ಕಿವಿ ಹಿಡಿದೆತ್ತಿದ ಕೈ. ಗಾಳಿ ಯಾವ ಕಡೆಗಿತ್ತು ಅಂತ ಕೇಳಿದರೆ ಅವರಲ್ಲಿ ಒಬ್ಬನಿಗೂ ಉತ್ತರ ಗೊತ್ತಿರುವುದಿಲ್ಲ.

ಪ್ರಶ್ನೆ: ಶಿಕಾರಿ ನಿಂತುಹೋದ ಮೇಲೆ ನಮ್ಮ ಕಡೆ ಅಂಥ ನಿಜವಾದ ವಿಡಿಯೋ ಮಾಡಲು ಏನು ಉಳಿದಿದೆ? ನನ್ನ ಹತ್ತಿರ ಒಳ್ಳೆಯ ಫೋನಿದೆ, ರಜೆ ಇದೆ.
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಂತುಹೋಗಿದ್ದು ಹೊಡೆಯುವುದು ಮಾತ್ರ ಮಗಾ. ಮರಸು ಕೂತವರು (ಪ್ರಾಣಿಗೆ ಕಾಣದಂತೆ ಅಡಗಿ ಕಾದವರು), ಹಳು ನುಗ್ಗಿದವರು ಇನ್ನೂ ಊರಿಗೊಬ್ಬಿಬ್ಬರು ಇದ್ದಾರೆ. ಎಲ್ಲರೂ ಎಂಬತ್ತು ದಾಟಿದವರು. ಅವರ ಜೊತೆ ಹಳೆಯ ಕಾಲುದಾರಿಯಲ್ಲಿ ನಡೆಯಿರಿ. ಮಣ್ಣಿನಲ್ಲಿ ಹೆಜ್ಜೆ ಕಂಡರೆ ಯಾವುದು, ಎಷ್ಟು ಹೊತ್ತಾಯಿತು, ಓಡುತ್ತಿತ್ತೋ ಮೇಯುತ್ತಿತ್ತೋ ಅಂತ ಅವರು ಹೇಳುವುದನ್ನು ತೆಗೆಯಿರಿ. ಅವರು ಸುಮ್ಮನೆ ನಿಂತಾಗ ಫೋನು ಆರಿಸಬೇಡಿ, ಕೇಳಿಸಿಕೊಳ್ಳುತ್ತಿರುತ್ತಾರೆ. ಒಂದೊಂದು ಬಿಲ್ಲಿನ ಹೆಸರು ಕೇಳಿ, ಆ ಜಾಗದಲ್ಲೇ ನಿಲ್ಲಿಸಿ ಹೇಳಿಸಿ. ತಪ್ಪಿದ ಈಡಿನ ಕತೆ ಮೊದಲು ಕೇಳಿ, ಬಿದ್ದದ್ದರ ಕತೆ ತಾನಾಗಿ ಬರುತ್ತದೆ. ಅಜ್ಜಿಯಂದಿರನ್ನು ಬಿಡಬೇಡಿ, ಈಡಿನ ಸದ್ದು ಎಣಿಸಿದವರು ಅವರೇ. ಬೆಂಗಳೂರಿನ ಆ ತಮ್ಮನಿಗೂ ಇದೇ ಮಾತು, ತೊಂಬತ್ತರ ಅಜ್ಜ ಮನೆಯಲ್ಲಿದ್ದಾರೆ.

ನಮ್ಮ ಅಪ್ಪಯ್ಯ ತೀರಿಕೊಂಡಾಗ ನನ್ನ ಹತ್ತಿರ ಅವರ ಒಂದು ಫೋಟೋ ಇತ್ತು, ದನಿ ಇರಲಿಲ್ಲ. ಆ ಹಂದಿಯ ಕತೆ ನನಗೆ ಬಾಯಿಪಾಠ, ಆದರೆ ಅವರು ಹೇಳುವಾಗ ಎಲ್ಲಿ ನಿಲ್ಲಿಸುತ್ತಿದ್ದರು ಅನ್ನುವುದು ಈಗೀಗ ಮರೆಯುತ್ತಿದೆ.

ಮೇ ತಿಂಗಳಲ್ಲೇ ಹೋಗಿ. ಜೂನಿನಲ್ಲಿ ಮಳೆ ಹಿಡಿದರೆ ಹಂಚಿನ ಮೇಲಿನ ಸದ್ದಿಗೆ ಮಾತು ಒಂದೂ ಕೇಳಿಸುವುದಿಲ್ಲ.