ಕೂತಲ್ಲಿ ಕೂರದ ಮಗು, ಮಾತು ಬಾರದ ಮಗು: ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ನನ್ನ ಮಗನಿಗೆ 7 ವರ್ಷ, ಎರಡನೇ ತರಗತಿ. ಕ್ಲಾಸಿನಲ್ಲಿ ಎದ್ದು ಓಡಾಡುತ್ತಾನೆ, ಪೆನ್ಸಿಲ್ಲು ರಬ್ಬರು ದಿನಾ ಕಳೆದುಕೊಂಡು ಬರುತ್ತಾನೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ ಎಂದು ಮಿಸ್ ದೂರು. ಒಂದು ಕ್ಲಿನಿಕ್ಕಿನಲ್ಲಿ ಹತ್ತು ನಿಮಿಷ ನೋಡಿ ‘ಎಡಿಎಚ್‌ಡಿ’ ಎಂದು ಬರೆದು ಮೆದುಳಿನ ಟಾನಿಕ್ ಕೊಟ್ಟರು. ಆದರೆ ಮೊಬೈಲ್ ಕೊಟ್ಟರೆ ಗಂಟೆಗಟ್ಟಲೆ ಕೂರುತ್ತಾನೆ. ಎಂಆರ್‌ಐ ಮಾಡಿಸಬೇಕೆ?
– ತಾಯಿ, ತಿಪಟೂರು

ಉತ್ತರ: ಎಂಆರ್‌ಐ ಬೇಡ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆಯೆಂದು ಹೇಳುವ ಸ್ಕ್ಯಾನ್ ಆಗಲಿ, ರಕ್ತಪರೀಕ್ಷೆಯಾಗಲಿ ಇಲ್ಲ. ಟಾನಿಕ್ಕಿನಿಂದಲೂ ಪ್ರಯೋಜನವಿಲ್ಲ, ಇನ್ನೊಂದು ಬಾಟಲಿ ತರಬೇಡಿ.

ಹತ್ತು ನಿಮಿಷದಲ್ಲಿ ಇದನ್ನು ನಿರ್ಧರಿಸಲು ಆಗುವುದಿಲ್ಲ. ಗಮನ ನಿಲ್ಲದಿರುವುದಕ್ಕೆ 9 ಲಕ್ಷಣ, ಅತಿ ಚಟುವಟಿಕೆ ಮತ್ತು ದುಡುಕಿಗೆ 9 ಲಕ್ಷಣ ಎಂದು ಎರಡು ಪಟ್ಟಿಗಳಿವೆ. ಯಾವುದಾದರೂ ಒಂದರಲ್ಲಿ ಕನಿಷ್ಠ 6 ಇರಬೇಕು, 6 ತಿಂಗಳಿಂದ ಇರಬೇಕು, 12 ವರ್ಷಕ್ಕೆ ಮೊದಲೇ ಕೆಲವಾದರೂ ಕಂಡಿರಬೇಕು, ಓದಿಗೋ ಒಡನಾಟಕ್ಕೋ ನಿಜವಾಗಿ ಅಡ್ಡಿಯಾಗಿರಬೇಕು. ಬಹಳ ಜನ ಬಿಟ್ಟುಬಿಡುವ ಶರತ್ತು ಇನ್ನೊಂದಿದೆ: ಎರಡು ಕಡೆಯಾದರೂ ಕಾಣಬೇಕು. ಶಾಲೆಯಲ್ಲಿ ಮಾತ್ರ ಎದ್ದು ಓಡಾಡಿ, ಮನೆಯಲ್ಲಿ, ಅಜ್ಜಿ ಊರಿನಲ್ಲಿ, ಮದುವೆ ಮನೆಯಲ್ಲಿ ಸರಿಯಾಗಿದ್ದರೆ ಕಾರಣವನ್ನು ಶಾಲೆಯಲ್ಲೇ ಹುಡುಕಬೇಕು. ಆದ್ದರಿಂದ ವೈದ್ಯರು ತಂದೆತಾಯಿಗೆ ಒಂದು, ಶಿಕ್ಷಕರಿಗೆ ಒಂದು ಪ್ರಶ್ನಾವಳಿ ಕೊಡುತ್ತಾರೆ. ಸಾಧ್ಯವಾದರೆ ಇಬ್ಬರು ಶಿಕ್ಷಕರಿಂದ ತುಂಬಿಸಿ. ಒಬ್ಬರೇ ಆದರೆ ಆ ದಿನದ ಬೇಸರವೂ ಅಂಕಗಳಲ್ಲಿ ಸೇರಿಬಿಡುತ್ತದೆ.

ಅದಕ್ಕೂ ಮೊದಲು ಕಿವಿ ಮತ್ತು ಕಣ್ಣಿನ ಪರೀಕ್ಷೆ ಆಗಲಿ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನೆಯೇ ನೋಡಿ. ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ದಪ್ಪಗಾಗಿ ನಿದ್ದೆ ಕೆಟ್ಟ ಮಗು ಹಗಲಲ್ಲಿ ತೂಕಡಿಸುವ ಬದಲು ಕುಣಿದಾಡುತ್ತದೆ. ಕಬ್ಬಿಣಾಂಶ ಕಡಿಮೆಯಾದರೂ ಗಮನ ಕೆಡುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕಡಿಮೆ ಇರಬಹುದು, ಹಾಗಾಗಿ ಎರಡನ್ನೂ ನೋಡಿಸಿ. ಥೈರಾಯ್ಡ್ ಅನುಮಾನವಿದ್ದರೆ ಟಿಎಸ್‌ಎಚ್ ಕೂಡ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವನೇ ಎಂದೂ ಲೆಕ್ಕ ಹಾಕಿ. ಹತ್ತು ತಿಂಗಳು ದೊಡ್ಡವರ ಜೊತೆ ಕೂರಿಸಿ ಹೋಲಿಸಿದರೆ ವಯಸ್ಸಿಗೆ ಸಹಜವಾದ ಚಡಪಡಿಕೆಯೂ ಕಾಯಿಲೆಯಂತೆ ಕಾಣುತ್ತದೆ.

ಇನ್ನೊಂದನ್ನು ಹತ್ತಿರದಿಂದ ಗಮನಿಸಿ. ಊಟ ಮಾಡುತ್ತಲೋ ಮಾತಾಡುತ್ತಲೋ ಇದ್ದವನು ಇದ್ದಕ್ಕಿದ್ದಂತೆ ಐದರಿಂದ ಹದಿನೈದು ಸೆಕೆಂಡು ಎವೆ ಅದುರಿಸುತ್ತಾ ಶೂನ್ಯ ನೋಡಿ, ಏನೂ ಆಗಿಲ್ಲವೆಂಬಂತೆ ಮುಂದುವರಿಸುತ್ತಾನೆಯೇ? ಭುಜ ಮುಟ್ಟಿದರೂ ಆ ಕ್ಷಣ ಎಚ್ಚರವಾಗುವುದಿಲ್ಲವೇ? ಇದು ಒಂದು ಬಗೆಯ ಫಿಟ್ಸ್ ಇರಬಹುದು. ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಬೇಕಾಗುವುದು ಇಂಥ ಅನುಮಾನವಿದ್ದಾಗ ಮಾತ್ರ. ಮೊಬೈಲಿನಲ್ಲಿ ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿ.

ಮೊಬೈಲ್ ಹಿಡಿದು ಕೂರುತ್ತಾನೆಂದ ಮಾತ್ರಕ್ಕೆ ಎಡಿಎಚ್‌ಡಿ ಇಲ್ಲ ಎನ್ನಲಾಗದು. ಪರದೆ ಕ್ಷಣಕ್ಷಣಕ್ಕೂ ಹೊಸದನ್ನು ಕೊಡುತ್ತದೆ, ಮಗ್ಗಿ ಪುಸ್ತಕ ಕೊಡುವುದಿಲ್ಲ. ಈ ತೊಂದರೆ ಇರುವ ಮಕ್ಕಳಿಗೆ ಕಷ್ಟವಾಗುವುದು ಬೇಸರದ ಕೆಲಸದಲ್ಲಿ ಮನಸ್ಸು ನಿಲ್ಲಿಸುವುದೇ.

ತಪಾಸಣೆ ಮುಗಿಯುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮನೆಯಲ್ಲಿ ಹೀಗೆ ಶುರು ಮಾಡಿ. ಅಡುಗೆಮನೆಯಿಂದ ಕೂಗಿ ಹೇಳಬೇಡಿ. ಹತ್ತಿರ ಹೋಗಿ, ಅವನ ಕಣ್ಣಿನ ಮಟ್ಟಕ್ಕೆ ಬಗ್ಗಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ‘ಬ್ಯಾಗ್ ಇಟ್ಟು ಕೈತೊಳೆದು ಬಟ್ಟೆ ಬದಲಿಸಿ ಬಾ’ ಎಂದರೆ ಮೂರರಲ್ಲಿ ಎರಡು ಅಲ್ಲೇ ಕಳೆದುಹೋಗುತ್ತವೆ. ಹೋಂವರ್ಕ್ 10 ನಿಮಿಷ, ಎದ್ದು ಓಡಾಡಲು 3 ನಿಮಿಷ, ಮತ್ತೆ 10. ಗೋಡೆಗೆ ಒಂದು ಚಾರ್ಟ್ ಅಂಟಿಸಿ ಎರಡು ಮೂರು ನಡವಳಿಕೆ ಮಾತ್ರ ಬರೆಯಿರಿ. ಅದರಲ್ಲಿ ಒಂದು ಅವನು ಈಗಾಗಲೇ ಮಾಡುತ್ತಿರುವುದೇ ಇರಲಿ. ಮಾಡಿದ ಕೂಡಲೇ ಚುಕ್ಕಿ, ಅದೇ ಸಂಜೆ ಬಹುಮಾನ: ಹದಿನೈದು ನಿಮಿಷ ಅಪ್ಪನ ಜೊತೆ ಕೇರಂ ಸಾಕು. ಚಾರ್ಟ್ ಕೈಕೊಡುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಬಹುಮಾನ ಭಾನುವಾರಕ್ಕೆ ಮುಂದೂಡುತ್ತಾರೆ, ಹತ್ತು ಗುರಿ ಬರೆಯುತ್ತಾರೆ, ಅಥವಾ ಸಿಟ್ಟು ಬಂದಾಗ ಗಳಿಸಿದ ಚುಕ್ಕಿ ಅಳಿಸುತ್ತಾರೆ. ಸಣ್ಣ ಹಟಗಳನ್ನು ಗಮನಿಸದೆ ಬಿಟ್ಟಾಗ ಮೊದಲ ಕೆಲವು ದಿನ ಹಟ ಜಾಸ್ತಿಯೇ ಆಗುತ್ತದೆ. ಅಲ್ಲಿ ಸೋತರೆ, ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ ಎಂದು ಅವನು ಕಲಿಯುತ್ತಾನೆ. 6 ವರ್ಷದೊಳಗಿನ ಮಕ್ಕಳಿಗೆ ಪೋಷಕರು ಹೀಗೆ ಕಲಿತು ನಡೆಸುವ ಈ ತರಬೇತಿಯೇ ಮೊದಲ ಚಿಕಿತ್ಸೆ, ಮಾತ್ರೆ ಆಮೇಲೆ.

ಪ್ರಶ್ನೆ: 9 ವರ್ಷದ ಮಗಳಿಗೆ ಎಡಿಎಚ್‌ಡಿಗೆಂದು ಮೀಥೈಲ್‌ಫೆನಿಡೇಟ್ ಬರೆದಿದ್ದಾರೆ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತಿದೆ. ಚಟ ಹಿಡಿಯುತ್ತದೆ ಎಂದು ನೆಂಟರು ಹೆದರಿಸುತ್ತಾರೆ. ನಮ್ಮ ಊರಿನ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದೂ ಇಲ್ಲ.
– ತಂದೆ, ಗದಗ

ಉತ್ತರ: ಕೊನೆಯದರಿಂದ ಶುರು ಮಾಡೋಣ. ಈ ಔಷಧ ಬಿಗಿ ನಿಯಂತ್ರಣದ ಔಷಧಗಳ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನಲ್ಲಿದೆ. ಮಾರಲು ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು, ಚೀಟಿ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು. ಈ ತಾಪತ್ರಯಕ್ಕೇ ಸಣ್ಣ ಅಂಗಡಿಗಳು ತರಿಸುವುದಿಲ್ಲ. ಬರೆದುಕೊಟ್ಟ ಆಸ್ಪತ್ರೆಯ ಔಷಧಾಲಯದಲ್ಲೇ ಕೇಳಿ. ಕೊನೆಯ ಮಾತ್ರೆವರೆಗೆ ಕಾಯದೆ ಒಂದು ವಾರದ್ದು ಉಳಿದಿರುವಾಗಲೇ ಹೊರಡಿ.

ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರು ಮಾಡಿ ವಾರಕ್ಕೊಮ್ಮೆ ನೋಡಿಕೊಂಡು ವೈದ್ಯರು ಏರಿಸುತ್ತಾರೆ. ಮಾಮೂಲಿ ಮಾತ್ರೆಯ ಪರಿಣಾಮ 3–4 ಗಂಟೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯದು 8 ಗಂಟೆಗೂ ಮೇಲೆ. ಹಸಿವು ಸಾಯುವುದು ಆ ಗಂಟೆಗಳಲ್ಲೇ. ಹಾಗಾಗಿ ಬೆಳಗ್ಗೆ ಮೊದಲು ಹೊಟ್ಟೆ ತುಂಬ ತಿಂಡಿ (ತುಪ್ಪ ಹಾಕಿದ ರೊಟ್ಟಿ, ಮೊಟ್ಟೆ, ಹಾಲು), ಆಮೇಲೆ ಮಾತ್ರೆ. ಮಧ್ಯಾಹ್ನದ ಡಬ್ಬಿ ಚಿಕ್ಕದಿರಲಿ, ಒತ್ತಾಯ ಬೇಡ. ಸಂಜೆ ಪರಿಣಾಮ ಇಳಿದಾಗ ಹಸಿವು ಬರುತ್ತದೆ. ಚಿಪ್ಸ್ ಪೊಟ್ಟಣ ಕೈಗೆ ಕೊಡದೆ ಪೂರ್ತಿ ಊಟವನ್ನೇ ಬಡಿಸಿ. ಅದೇ ಹೊತ್ತಿಗೆ ಅರ್ಧ ಗಂಟೆ ಸಿಡಿಮಿಡಿಯೂ ಇರಬಹುದು, ಆಗ ಹೋಂವರ್ಕ್ ತೆಗೆಸಬೇಡಿ. ತಿಂಗಳಿಗೊಮ್ಮೆ ತೂಕ ಬರೆದಿಡಿ. ಭೇಟಿಯಾದಾಗಲೆಲ್ಲ ಎತ್ತರ, ನಾಡಿ, ರಕ್ತದೊತ್ತಡ ನೋಡಲಿ. ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ ಹೃದಯಾಘಾತದಿಂದ ತೀರಿಕೊಂಡವರಿದ್ದರೆ, ಅಥವಾ ಮಗಳು ಓಡುವಾಗ ತಲೆಸುತ್ತಿ ಬಿದ್ದದ್ದಿದ್ದರೆ ಈಗಲೇ ಹೇಳಿ.

ವೈದ್ಯರ ನಿಗಾದಲ್ಲಿ, ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಮಕ್ಕಳಿಗೆ ಚಟ ಹಿಡಿಯುವುದಿಲ್ಲ. ಆದರೆ ದುರ್ಬಳಕೆಯಾಗಬಲ್ಲ ಔಷಧ ಇದು. ಬೀರುವಿನಲ್ಲಿ ಬೀಗ ಹಾಕಿಡಿ, ಪರೀಕ್ಷೆಗೆ ಓದುತ್ತಿರುವ ಅಣ್ಣನಿಗೂ ಕೊಡಬೇಡಿ. ಇದು ಮಗುವನ್ನು ಮಂಕು ಮಾಡುವ ಔಷಧವಲ್ಲ. ನಗು ಮಾತು ಬಿಟ್ಟು ಗೊಂಬೆಯಂತೆ ಕೂತರೆ ಡೋಸ್ ಹೆಚ್ಚಾಗಿದೆ ಎಂದರ್ಥ, ಮುಂದಿನ ಭೇಟಿವರೆಗೆ ಕಾಯದೆ ಫೋನ್ ಮಾಡಿ. ಮುಂದೆ ಇದೇ ತೊಂದರೆಯ ಇನ್ನೊಂದು ಔಷಧವಾದ ಅಟೊಮೊಕ್ಸೆಟಿನ್‌ಗೆ ಬದಲಿಸಿದರೆ ಲೆಕ್ಕವೇ ಬೇರೆ: ಅದರ ಪೂರ್ಣ ಫಲಕ್ಕೆ 4ರಿಂದ 6 ವಾರ ಬೇಕು. ಒಂದೇ ವಾರಕ್ಕೆ ‘ಗುಣ ಕಾಣಲಿಲ್ಲ’ ಎಂದು ಬಿಟ್ಟವರೇ ಹೆಚ್ಚು.

ಪ್ರಶ್ನೆ: ಸಕ್ಕರೆ, ಚಾಕಲೇಟ್ ಪೂರ್ತಿ ನಿಲ್ಲಿಸಿದರೆ ಚಂಚಲತೆ ಹೋಗುತ್ತದೆಯೇ?
– ಅಜ್ಜಿ, ಶಿರಸಿ

ಉತ್ತರ: ಹೋಗುವುದಿಲ್ಲ, ಆದರೆ ಹಲ್ಲು ಉಳಿಯುತ್ತದೆ.

ಪ್ರಶ್ನೆ: ಮೊಮ್ಮಗಳಿಗೆ 22 ತಿಂಗಳು. 32 ವಾರಕ್ಕೇ ಹುಟ್ಟಿದಳು. ನಡೆಯುತ್ತಾಳೆ, ಆದರೆ ಒಂದು ಮಾತೂ ಇಲ್ಲ. ಕರೆದರೆ ತಿರುಗುವುದಿಲ್ಲ, ತಟ್ಟೆ ಬಡಿದರೆ ತಿರುಗುತ್ತಾಳೆ. ಅವಳಪ್ಪನೂ 3 ವರ್ಷಕ್ಕೇ ಮಾತಾಡಿದ್ದು. ಕಾಯಬಹುದೇ?
– ಅಜ್ಜ, ಚಳ್ಳಕೆರೆ

ಉತ್ತರ: ಕಾಯಬೇಡಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ 2 ವರ್ಷದವರೆಗೆ ವಯಸ್ಸನ್ನು ಸರಿಹೊಂದಿಸಿ ನೋಡುತ್ತೇವೆ. 40ರಲ್ಲಿ 32 ಕಳೆದರೆ 8 ವಾರ. ಅಂದರೆ ಅವಳ ವಯಸ್ಸು 20 ತಿಂಗಳೆಂದು ಹಿಡಿಯಬೇಕು. ಆ ಲೆಕ್ಕದಲ್ಲೂ ತಡವಾಗಿದೆ. 12 ತಿಂಗಳಿಗೆ ಬಬ್ಬಬ್ಬ, ದದ್ದದ್ದ ಎನ್ನುವುದಾಗಲಿ, ಬೆರಳು ತೋರಿಸುವುದು, ಟಾಟಾ ಮಾಡುವುದಾಗಲಿ ಇಲ್ಲದಿದ್ದರೆ, 16 ತಿಂಗಳಿಗೆ ಒಂದೂ ಪದವಿಲ್ಲದಿದ್ದರೆ, 24ಕ್ಕೆ ‘ಅಮ್ಮ ಬಾ’ಯಂಥ ಎರಡು ಪದಗಳ ಮಾತಿಲ್ಲದಿದ್ದರೆ ತೋರಿಸಲೇಬೇಕು. ಬಂದ ಮಾತು ಹೋದರಂತೂ ಯಾವ ವಯಸ್ಸಾದರೂ ತಡ ಮಾಡುವಂತಿಲ್ಲ.

ತಟ್ಟೆ ಬಡಿಯುವುದು ಕಿವಿಯ ಪರೀಕ್ಷೆಯಲ್ಲ. ಮಗು ನಿಮ್ಮ ಕೈಯಾಡಿದ್ದನ್ನು ಕಂಡು ತಿರುಗಿರಬಹುದು. ಜೋರು ಸದ್ದು ಕೇಳಿಸಿ, ಮಾತಿನಲ್ಲಿರುವ ಸ, ಶ, ತ, ಕದಂಥ ಸಣ್ಣ ಸದ್ದು ಕೇಳಿಸದ ಮಕ್ಕಳಿದ್ದಾರೆ. ಮಗು ನಿದ್ದೆಯಲ್ಲಿದ್ದಾಗ ಮಾಡುವ ಬೆರಾ ಎಂಬ ಶ್ರವಣ ಪರೀಕ್ಷೆ ಮೊದಲು ಆಗಲಿ. ಕಿವಿ ಸರಿಯಿದ್ದರೆ ಆಟಿಸಂ (ಒಡನಾಟ, ಸಂವಹನದ ಬೆಳವಣಿಗೆಯ ತೊಂದರೆ) ತಪಾಸಣೆ. 16ರಿಂದ 30 ತಿಂಗಳ ಮಕ್ಕಳಿಗೆ 20 ಪ್ರಶ್ನೆಗಳ ಎಂ-ಚಾಟ್ ಎಂಬ ಪ್ರಶ್ನಾವಳಿ ಇದೆ. ಹಾಗೆಯೇ ಒಟ್ಟು ಬೆಳವಣಿಗೆಯನ್ನೂ ಅಳೆಯುತ್ತಾರೆ. ಚಲನೆ, ಮಾತು, ಕೈಕೆಲಸ, ಒಡನಾಟ ಇಂಥವುಗಳಲ್ಲಿ ಎರಡು ಅಥವಾ ಹೆಚ್ಚಿನವು ಗಣನೀಯವಾಗಿ ಹಿಂದಿದ್ದರೆ 5 ವರ್ಷದೊಳಗೆ ಅದನ್ನು ‘ಸಮಗ್ರ ಬೆಳವಣಿಗೆ ಕುಂಠಿತ’ ಎನ್ನುತ್ತಾರೆ. ಇದು ತಾತ್ಕಾಲಿಕ ಹೆಸರು, ದೊಡ್ಡದಾದ ಮೇಲೆ ಬುದ್ಧಿಮಟ್ಟದ ಪರೀಕ್ಷೆ ಮಾಡಿ ಮರುನಿರ್ಧಾರ ಮಾಡಬೇಕು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು, ಆದರೆ ಅವರಿಗಾಗಿ ಕಾಯದೆ ನೀವೇ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರ (ಬೆಳವಣಿಗೆಯ ತೊಂದರೆಗಳಿಗೆ ಬೇಗ ಚಿಕಿತ್ಸೆ ಶುರು ಮಾಡುವ ಘಟಕ) ಕೇಳಿಕೊಂಡು ಹೋಗಿ. ಕಿವಿ ಮತ್ತು ಮಾತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ನಡವಳಿಕೆ ಮತ್ತು ಬೆಳವಣಿಗೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ತೊಂದರೆಯ ಹೆಸರು ಖಚಿತವಾಗಲಿ ಎಂದು ಥೆರಪಿ ಶುರು ಮಾಡಲು ಕಾಯಬಾರದು. ಟಿವಿ, ಮೊಬೈಲ್ ಆರಿಸಿ. 2 ವರ್ಷದೊಳಗೆ ಪರದೆ ಬೇಡವೇ ಬೇಡ. ಅವಳು ನೋಡುತ್ತಿರುವುದರ ಹೆಸರನ್ನೇ ಹೇಳಿ (‘ಕಾಗೆ. ಕಾಗೆ ಹಾರಿತು’), ಮನಸ್ಸಿನಲ್ಲಿ ಐದು ಎಣಿಸಿ, ಉತ್ತರಕ್ಕೆ ಜಾಗ ಬಿಡಿ. ಕೇಳುವ ಮೊದಲೇ ಬಾಳೆಹಣ್ಣು ಕೈಗಿಟ್ಟರೆ ಕೇಳುವ ಅಗತ್ಯವೇ ಅವಳಿಗೆ ಬರುವುದಿಲ್ಲ.

ಪ್ರಶ್ನೆ: ನನ್ನ ತರಗತಿಯಲ್ಲಿ 48 ಮಕ್ಕಳು. ಕೂತಲ್ಲಿ ಕೂರದ ಒಬ್ಬನಿಗೆ ಏನು ಮಾಡಲಿ?
– ಶಿಕ್ಷಕಿ, ಸಿಂಧನೂರು

ಉತ್ತರ: ಕಿಟಕಿ ಬಾಗಿಲಿನಿಂದ ದೂರ, ಮುಂದಿನ ಸಾಲಿನ ನಡುವೆ, ಶಾಂತ ಮಗುವಿನ ಪಕ್ಕ ಕೂರಿಸಿ. ಇಪ್ಪತ್ತು ಸಾಲಿನ ಬರವಣಿಗೆಯನ್ನು ಐದೈದು ಸಾಲು ಮಾಡಿ, ಪ್ರತಿ ಐದಕ್ಕೆ ತೋರಿಸಲು ಎದ್ದು ಬರಲಿ. ಸೀಮೆಸುಣ್ಣ ತರುವ, ನೋಟ್‌ಬುಕ್ ಹಂಚುವ ಕೆಲಸ ಅವನಿಗೇ ಇರಲಿ. ಆಟದ ಪೀರಿಯಡ್ ಕಸಿಯುವ ಶಿಕ್ಷೆ ಮುಂದಿನ ಗಣಿತದ ಪೀರಿಯಡ್ಡನ್ನೇ ಹಾಳು ಮಾಡುತ್ತದೆ. ಪೋಷಕರಿಗೆ ಕಾಯಿಲೆಯ ಹೆಸರು ಹೇಳಬೇಡಿ, ಕಂಡದ್ದನ್ನು ಹೇಳಿ: ‘40 ನಿಮಿಷದಲ್ಲಿ ಏಳು ಸಲ ಎದ್ದ, ಬೋರ್ಡಿನಿಂದ ಎರಡೇ ಸಾಲು ಬರೆದ.’ ಬಾಯಲ್ಲಿ ಸರಿಯಾಗಿ ಹೇಳಿ ಬರವಣಿಗೆಯಲ್ಲಿ ಮಾತ್ರ ಎಡವಿದರೆ ಕಲಿಕಾ ನ್ಯೂನತೆಯ ಪರೀಕ್ಷೆಯೂ ಆಗಲಿ. ಅದು ಮತ್ತು ಎಡಿಎಚ್‌ಡಿ ಎರಡೂ ಜೊತೆಯಾಗಿ ಬರುವುದು ಸಾಮಾನ್ಯ.

ಪ್ರಶ್ನೆ: ಎಡಿಎಚ್‌ಡಿಗೆ ಅಂಗವಿಕಲ ಕಾರ್ಡ್ ಸಿಗುತ್ತದೆಯೇ?
– ತಾಯಿ, ಬೀದರ್

ಉತ್ತರ: ಅದೊಂದೇ ಇದ್ದರೆ ಸಿಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಎಡಿಎಚ್‌ಡಿ ಹೆಸರಿಲ್ಲ. ಬೌದ್ಧಿಕ ವೈಕಲ್ಯ, ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿವೆ. ಜೊತೆಗೆ ಇವುಗಳಲ್ಲೊಂದಿದ್ದರೆ ಅದರ ಹೆಸರಿನಲ್ಲೇ ಯುಡಿಐಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಹಾಕಿ. ಬಹುತೇಕ ಸೌಲಭ್ಯಗಳಿಗೆ ಕನಿಷ್ಠ 40 ಶೇಕಡಾ ವೈಕಲ್ಯ ಎಂದು ಪ್ರಮಾಣೀಕರಿಸಿರಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಬೇಕಿದ್ದರೆ ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡುವುದು ತಡವಾಗುತ್ತದೆ. ಎಂಟನೆಯಲ್ಲೇ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಶಾಲೆಗೆ ಕೊಟ್ಟಿರಿ.