ದಿನಾ ನೀರು ಹಾಕಿದರೂ ಹೊಸ ಗಿಡ ಬಾಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ತುಮಕೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಮಾರ್ಚ್ ಕೊನೆಯಲ್ಲಿ ಗೃಹಪ್ರವೇಶ ಆಯಿತು. ಆಗಲೇ ನರ್ಸರಿಯಿಂದ ದಾಸವಾಳ, ನಂದಿಬಟ್ಟಲು, ಕೇಪಳ ತಂದು ಕಾಂಪೌಂಡ್ ಪಕ್ಕ ನೆಟ್ಟೆವು. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನೀರು ಹಾಕುತ್ತೇವೆ. ಆದರೂ ಎರಡೇ ವಾರದಲ್ಲಿ ಮೂರೂ ಬಾಡಿವೆ. ದಾಸವಾಳ ಬೆಳಿಗ್ಗೆಯೂ ಜೋತು ಬಿದ್ದಿರುತ್ತದೆ, ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿವೆ. ನಂದಿಬಟ್ಟಲು ಮಧ್ಯಾಹ್ನ ಮಾತ್ರ ಬಾಡುತ್ತದೆ. ಕೇಪಳದ ಎಲೆ ಅಂಚು ಒಣಗಿ ಕಂದಾಗಿದೆ. ಇನ್ನೂ ಜಾಸ್ತಿ ನೀರು ಬೇಕಾ? ಸ್ವಲ್ಪ ಯೂರಿಯಾ ಹಾಕಿದರೆ ಚೇತರಿಸಿಕೊಳ್ಳುತ್ತವಾ?

ಉತ್ತರ: ಯೂರಿಯಾ ಬೇಡವೇ ಬೇಡ. ನೀರನ್ನೂ ಒಂದು ಹೊತ್ತು ನಿಲ್ಲಿಸಿ, ಮೊದಲು ಮಣ್ಣು ಮುಟ್ಟಿ ನೋಡಿ. ನೀವು ಬರೆದಿರುವುದನ್ನು ನೋಡಿದರೆ ಮೂರು ಗಿಡಕ್ಕೂ ತೊಂದರೆ ಬೇರೆ ಬೇರೆ.

ಎಲೆಯಿಂದ ಆರಿಹೋಗುವಷ್ಟು ನೀರನ್ನು ಬೇರು ಕೊಡಲಾರದೆ ಹೋದಾಗ ಗಿಡ ಬಾಡುತ್ತದೆ. ಮಣ್ಣು ಒಣಗಿದರೂ ಬಾಡುತ್ತದೆ. ನೀರು ಹೆಚ್ಚಾಗಿ ಬೇರು ಕೊಳೆತರೂ ಬಾಡುತ್ತದೆ. ಮೇಲಿಂದ ನೋಡಿದರೆ ಎರಡೂ ಒಂದೇ ತರ. ಅದಕ್ಕೇ ಜನ ಕೊಳೆಯುತ್ತಿರುವ ಗಿಡಕ್ಕೆ ಇನ್ನೊಂದು ಬಕೆಟ್ ಸುರಿಯುತ್ತಾರೆ.

ನಂದಿಬಟ್ಟಲಿನ ಚಿಂತೆ ಬಿಡಿ. ಮಧ್ಯಾಹ್ನ ಬಾಡಿ ಸಂಜೆಗೆ ತಲೆ ಎತ್ತುವ ಗಿಡಕ್ಕೆ ಸಾಮಾನ್ಯವಾಗಿ ರೋಗ ಇರುವುದಿಲ್ಲ. ನೀರು ಹೀರುವುದು ತುದಿಯ ಸಣ್ಣ ಸಣ್ಣ ಬೇರುಗಳು. ಕವರ್ ಹರಿದು ನೆಡುವಾಗ ಮೊದಲು ಹರಿಯುವುದೂ ಅವೇ. ಅವು ಮತ್ತೆ ಬರುವ ತನಕ ಬಿಸಿಲು ತಡೆಯುವುದಿಲ್ಲ. ಪಶ್ಚಿಮದ ಕಡೆಗೆ ಎರಡು ತೆಂಗಿನ ಗರಿ ನೆಟ್ಟು ನೆರಳು ಮಾಡಿ, ಇಲ್ಲವೇ ಶೇಡ್ ನೆಟ್ ಕಟ್ಟಿ. ಮೊಗ್ಗು, ಹೂವು ಚಿವುಟಿ ಹಾಕಿ. ಎರಡು ಮೂರು ವಾರ ಸಾಕು. ಗಿಡದ ಸ್ಥಿತಿ ತಿಳಿಯಬೇಕಾದರೆ ಬೆಳಿಗ್ಗೆ ಏಳಕ್ಕೆ ನೋಡಬೇಕು, ಮಧ್ಯಾಹ್ನ ಎರಡಕ್ಕಲ್ಲ.

ನಿಜವಾಗಿ ಅಪಾಯದಲ್ಲಿರುವುದು ದಾಸವಾಳ. ಬೆಳಿಗ್ಗೆಯೂ ಜೋತಿದೆ, ಕೆಳಗಿನ ಎಲೆ ಹಳದಿ, ಜೊತೆಗೆ ದಿನಕ್ಕೆರಡು ಸಲ ನೀರು. ಬುಡದಲ್ಲಿ ನೀರು ನಿಂತಿರುವ ಸಾಧ್ಯತೆಯೇ ಹೆಚ್ಚು. ಹೊಸ ಮನೆಯ ಸುತ್ತ ಮಣ್ಣು ಲಾರಿ, ಜೆಸಿಬಿ ಓಡಾಡಿ ಗಟ್ಟಿಯಾಗಿರುತ್ತದೆ. ಅಂಥ ಕಡೆ ತೋಡಿದ ಗುಂಡಿ ತೊಟ್ಟಿಯ ಹಾಗೆ. ಹಾಕಿದ ನೀರಿಗೆ ಹೋಗಲು ದಾರಿ ಇಲ್ಲ. ಪಕ್ಕದಲ್ಲೇ ಒಂದು ಅಡಿ ಗುಂಡಿ ತೆಗೆದು ನೀರು ತುಂಬಿಸಿ ನೋಡಿ. ಮಾರನೇ ದಿನವೂ ನೀರು ನಿಂತಿದ್ದರೆ ಅನುಮಾನವೇ ಇಲ್ಲ.

ಆಮೇಲೆ ಬುಡದ ಒಂದು ಪಕ್ಕ ಮೆಲ್ಲಗೆ ಕೆದಕಿ ಬೇರು ನೋಡಿ. ಬಿಳಿ ಅಥವಾ ತಿಳಿ ಕಂದು ಬಣ್ಣದಲ್ಲಿ ಗಟ್ಟಿಯಾಗಿದ್ದರೆ ಗಿಡ ಕೀಳಬೇಡಿ. ನೀರು ನಿಲ್ಲಿಸಿ, ಮೇಲಿನ ಎರಡು ಇಂಚು ಮಣ್ಣು ಒಣಗುವವರೆಗೆ ಕಾಯಿರಿ. ಬೇರು ಕಪ್ಪಾಗಿ, ಮೆತ್ತಗಾಗಿ, ಎಳೆದರೆ ಸಿಪ್ಪೆ ಕಳಚಿ ಬರುತ್ತಿದ್ದರೆ ಸುಮ್ನೆ ಕಾಯುವುದರಲ್ಲಿ ಅರ್ಥವಿಲ್ಲ. ಸಂಜೆ ಹೊತ್ತು ಗಿಡ ಎತ್ತಿ, ಕೊಳೆತ ಬೇರು ಕತ್ತರಿಸಿ. ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸೇರಿಸಿ ಅರ್ಧ ಅಡಿ ದಿಬ್ಬ ಮಾಡಿ, ಅದರ ಮೇಲೆ ನೆಡಿ. ಕವರಿನಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ ಇರಲಿ, ಕಾಂಡ ಹೂಳಬೇಡಿ. ಬೇರು ಕಡಿಮೆಯಾದ್ದರಿಂದ ಮೇಲಿನ ರೆಂಬೆಯಲ್ಲೂ ಮೂರನೇ ಒಂದು ಭಾಗ ಕತ್ತರಿಸಿ. ಗಿಡ ಬೋಳಾಗಿ ಕಾಣುತ್ತದೆ, ಕಾಣಲಿ ಬಿಡಿ.

ಕೇಪಳದ ಕಥೆ ಇದಕ್ಕೆ ತಲೆಕೆಳಗು. ನರ್ಸರಿ ಕವರಿನಲ್ಲಿ ಅನೇಕ ಸಲ ಅಂಟು ಕೆಂಪು ಮಣ್ಣು ಇರುತ್ತದೆ. ಅದು ಒಮ್ಮೆ ಒಣಗಿತೆಂದರೆ ಕುಗ್ಗಿ ಗಟ್ಟಿಯಾಗುತ್ತದೆ. ನೀವು ಹಾಕಿದ ನೀರು ಬೇರಿನ ಸುತ್ತಲ ಆ ಮಣ್ಣಿನ ಮುದ್ದೆಯ ಹೊರಗೇ ಹರಿದು ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಸುತ್ತಲ ಮಣ್ಣು ಒದ್ದೆ, ಬೇರು ಮಾತ್ರ ಒಣ. ಸಣ್ಣ ಕಡ್ಡಿಯಿಂದ ಮುದ್ದೆಯಲ್ಲಿ ಮೂರು ನಾಲ್ಕು ಕಡೆ ತೂತು ಮಾಡಿ, ಬಾಟಲಿಗೆ ಸಣ್ಣ ರಂಧ್ರ ಮಾಡಿ ಬುಡದ ಹತ್ತಿರವೇ ತೊಟ್ಟಿಕ್ಕಲು ಬಿಡಿ. ನೆಟ್ಟವರು ಕವರ್ ಪೂರ್ತಿ ತೆಗೆದಿದ್ದಾರಾ ಅಂತಲೂ ನೋಡಿ. ತಳ ಮಾತ್ರ ಸೀಳಿ ಹಾಗೇ ಹೂತುಬಿಡುವವರು ಎಷ್ಟೋ ಜನ. ಇನ್ನೊಂದು ಮಾತು, ಕೇಪಳಕ್ಕೆ ಹುಳಿ (ಆಮ್ಲೀಯ) ಮಣ್ಣು ಇಷ್ಟ. ಕಾಂಪೌಂಡ್ ಪಕ್ಕ ಸಿಮೆಂಟು, ಗಾರೆ ಚೂರು ಬಿದ್ದಿದ್ದರೆ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಆಗ ಆ ಮಣ್ಣನ್ನೇ ಬದಲಿಸಬೇಕು.

ಇನ್ನು ಮುಂದೆ ಸಂಜೆಗೊಂದು ಚೊಂಬು, ಬೆಳಿಗ್ಗೆಗೊಂದು ಚೊಂಬು ಬೇಡ. ಪಾತಿ ಮಾಡಿ, ಬೆಳಿಗ್ಗೆ ಒಮ್ಮೆ ಆಳಕ್ಕೆ ಇಳಿಯುವಷ್ಟು ನೀರು ಕೊಡಿ. ಮುಂದಿನ ನೀರು ಬೆರಳು ಇಟ್ಟು ನೋಡಿದ ಮೇಲೆ. ತೆಂಗಿನ ನಾರು ಅಥವಾ ಒಣ ಎಲೆಯನ್ನು ಎರಡು ಇಂಚು ಹೊದಿಸಿ. ಕಾಂಡಕ್ಕೆ ತಾಗಿಸಬೇಡಿ. ನಿಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಗೆದ್ದಲು ಸಾಮಾನ್ಯ, ಆಗಾಗ ಹೊದಿಕೆ ಸರಿಸಿ ನೋಡುತ್ತಿರಿ.

ಯೂರಿಯಾ ಯಾಕೆ ಬೇಡ ಅಂದರೆ, ಅದು ಉಪ್ಪಿನಂತೆ ಕೆಲಸ ಮಾಡಿ ನೊಂದ ಬೇರಿನಿಂದ ಇದ್ದಬದ್ದ ನೀರನ್ನೂ ಎಳೆಯುತ್ತದೆ. ಹಸಿ ಸಗಣಿಯೂ ಬೇಡ. ಹೊಸ ಚಿಗುರು ಚೆನ್ನಾಗಿ ಬಲಿತ ಮೇಲೆ ಗೊಬ್ಬರದ ಮಾತು. ಹಾಗೆ ನೋಡಿದರೆ ಮಾರ್ಚ್ ಕೊನೆ ಗಿಡ ನೆಡುವ ಕಾಲವೇ ಅಲ್ಲ. ಗೃಹಪ್ರವೇಶಕ್ಕೆ ಬಂದವರಿಗೆ ಹೂ ಕಾಣಲಿ ಅನ್ನುವ ಆಸೆ ಸಹಜ, ನರ್ಸರಿಯವರಿಗೂ ಅದು ಗೊತ್ತು!

ಪ್ರಶ್ನೆ: ನಮ್ಮದು ಧಾರವಾಡ. ಹೊಸದಾಗಿ ನೆಟ್ಟ ದುಂಡು ಮಲ್ಲಿಗೆಗೆ ಒಂದು ವಾರ ನೀರಿರಲಿಲ್ಲ, ಮದುವೆಗೆ ಊರಿಗೆ ಹೋಗಿದ್ದೆವು. ಎಲೆ ಎಲ್ಲ ಒಣಗಿದೆ. ಕಿತ್ತು ಹಾಕಲಾ?

ಉತ್ತರ: ಈಗಲೇ ಬೇಡ. ಕಡ್ಡಿಯ ತೊಗಟೆಯನ್ನು ತುದಿಯಿಂದ ಬುಡದ ಕಡೆಗೆ ಉಗುರಿನಿಂದ ಕೆರೆಯುತ್ತಾ ಬನ್ನಿ. ಎಲ್ಲಿ ಹಸಿರು ಕಾಣುತ್ತದೋ ಅದರ ಸ್ವಲ್ಪ ಮೇಲೆ ಕತ್ತರಿಸಿ, ನೀರು ಕೊಟ್ಟು ನೆರಳು ಮಾಡಿ. ಬುಡದಿಂದ ಚಿಗುರಲು ಒಂದು ತಿಂಗಳು ಬೇಕಾಗಬಹುದು. ಎಲೆ ಇಲ್ಲದ ಗಿಡಕ್ಕೆ ನೀರು ಕಡಿಮೆ ಸಾಕು. ಬುಡದವರೆಗೂ ಕಂದಾಗಿ, ಬಗ್ಗಿಸಿದರೆ ಪಟ್ಟನೆ ಮುರಿದರೆ ಕಿತ್ತುಬಿಡಿ. ಮಳೆ ಹಿಡಿದ ಮೇಲೆ ಪಕ್ಕದ ಮನೆಯಿಂದ ನಾಲ್ಕು ಕಡ್ಡಿ ತಂದು ನೆಡಿ, ಮಲ್ಲಿಗೆ ಕಡ್ಡಿಯಿಂದಲೇ ಬರುತ್ತದೆ.